ಆರಿಸಿದ ಮೇಲೂ ಮಿಣಮಿಣ ಎನ್ನುವ ದೀಪ

ಪ್ಯಾನೆಲ್ ಬಾಗಿಲಿನ ಬಟನ್, ಇಂಡಿಕೇಟರ್‌ಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನಮ್ಮದು ತೊಗರಿ ಬೇಳೆ ಮಿಲ್, ಆರು ಮೋಟಾರ್ ಅವ. ಪುಶ್ ಬಟನ್ ಆರು ತಿಂಗಳಿಗೊಮ್ಮೆ ಕೈಕೊಡ್ತಾವ, ಒತ್ತಿದ್ರ ಒಳಗೇ ಕೂತುಬಿಡ್ತಾವ. ಐಪಿ 65 ಅಂತ ಬರೆದದ್ದನ್ನೇ ತಂದೀವಿ. ಇನ್ನೂ ದುಬಾರಿ ಮಾಲು ತರಬೇಕೇನ್ರಿ?
– ಮಿಲ್ ಮಾಲೀಕರು, ಕಪನೂರು, ಕಲಬುರಗಿ

ಉತ್ತರ: ಬೇಡ. ಮೊದಲು ಪ್ಯಾನೆಲ್‌ನ ತಳ ಬಗ್ಗಿ ನೋಡಿ. ಐಪಿ 65 (ಧೂಳು, ನೀರಿನ ಎರಚಲು ಒಳಹೋಗದು ಎಂಬ ದರ್ಜೆ) ಎನ್ನುವುದು ಬಟನ್ನಿನ ಮುಖಕ್ಕೆ, ಅಂದರೆ ಬಾಗಿಲ ಹೊರಬದಿಗೆ ಮಾತ್ರ ಸಲ್ಲುವ ಮಾತು. ಹಿಂದೆ ಕೂರುವ, ಕರೆಂಟ್ ಕೂಡಿಸಿ ಬಿಡಿಸುವ ಎಲಿಮೆಂಟ್‌ಗೆ ಸಾಮಾನ್ಯವಾಗಿ ಇರುವುದು ಐಪಿ 20: ಬೆರಳು ತಾಗುವುದಿಲ್ಲ ಅಷ್ಟೆ, ಧೂಳಿಗೆ ತಡೆ ಇಲ್ಲ. ತೊಗರಿಗೆ ಎಣ್ಣೆ ಸವರಿ ಒಣಗಿಸಿ ಸಿಪ್ಪೆ ಬಿಡಿಸುವುದರಿಂದ ನಿಮ್ಮಲ್ಲಿನ ಧೂಳು ಬರೀ ಧೂಳಲ್ಲ, ಜಿಡ್ಡು. ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯಾಗಿ ಕೂರುವ ಬಿರಡೆ) ಹಾಕದೆ ಬಿಟ್ಟ ಕೇಬಲ್ ತೂತು, ಕಿತ್ತುಬಂದ ಬಾಗಿಲ ರಬ್ಬರ್, ಇವುಗಳಿಂದ ಒಳಗೆ ಬಂದು ಸ್ಪ್ರಿಂಗಿಗೆ ಮೆತ್ತಿಕೊಳ್ಳುತ್ತದೆ. ಏರ್ ಗನ್ ಹಿಡಿದು ಪ್ಯಾನೆಲ್ ಊದುವವರು ಅದನ್ನು ಕಾಂಟ್ಯಾಕ್ಟ್‌ಗಳ ನಡುವೆಯೇ ತುರುಕುತ್ತಾರೆ. ಮೇನ್ ಆಫ್ ಮಾಡಿ ಬ್ರಷ್, ವ್ಯಾಕ್ಯೂಮ್ ಬಳಸಿ. ಖಾಲಿ ತೂತುಗಳಿಗೆ ಬ್ಲ್ಯಾಂಕ್ ಪ್ಲಗ್ ಹಾಕಿ.

ಬಟನ್ ಸಿಕ್ಕಿಕೊಳ್ಳಲು ಇನ್ನೊಂದು ಕಾರಣ ಜೋಡಣೆಯಲ್ಲಿದೆ. ತೂತು 22.5 ಮಿ.ಮೀ. ಇರಬೇಕು, ಮೇಲ್ಭಾಗದಲ್ಲಿ 3.2 ಮಿ.ಮೀ. ಅಗಲದ ಕಚ್ಚು ಕತ್ತರಿಸಿದರೆ ಬಟನ್ ತಿರುಗುವುದಿಲ್ಲ. ಹೋಲ್ ಸಾ ಬಿಟ್ಟ ಚೂಪನ್ನು ಫೈಲಿನಿಂದ ತೆಗೆಯದಿದ್ದರೆ ವಾಷರ್ ಕೂರುವುದಿಲ್ಲ. ವಾಷರ್ ಇರಬೇಕಾದ್ದು ಬಾಗಿಲ ಹೊರಗೆ, ಬಟನ್ನಿನ ತಲೆಯ ಕೆಳಗೆ. ಒಳಗಿನ ನಟ್ ಬದಿಗೆ ಹಾಕಿದರೆ ಐಪಿ 65 ಹೆಸರಿಗಷ್ಟೆ. ತೆಳು ತಗಡಿನ ಮೇಲೆ ನಟ್ಟನ್ನು ಪಾನಾ ಹಾಕಿ ಬಿಗಿದರೆ ಪ್ಲಾಸ್ಟಿಕ್ ಕೊರಳು ಅಂಡಾಕಾರವಾಗಿ ಒಳಗಿನ ಗುಂಡಿ ಹಿಡಿದುಕೊಳ್ಳುತ್ತದೆ. ನಿಮ್ಮಲ್ಲಿ ಹೊಸ ಬಟನ್ನೂ ಸಿಕ್ಕಿಕೊಳ್ಳುತ್ತಿದ್ದರೆ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ನೋಡಿ.

ಖರೀದಿಗೆ: ಸ್ಟಾರ್ಟ್‌ಗೆ ಬಾಗಿಲಿಗೆ ಸಮನಾಗಿ ಕೂರುವ ಬಟನ್ 6, ತಲಾ ಒಂದು ಎನ್‌ಓ (ಒತ್ತಿದಾಗ ಕೂಡುವ ಕಾಂಟ್ಯಾಕ್ಟ್). ಭುಜ ತಾಗಿ ಅಕಸ್ಮಾತ್ ಒತ್ತಿಹೋಗಬಾರದು. ಸ್ಟಾಪ್‌ಗೆ ಮುಂದೆ ಚಾಚಿದ್ದು 6, ತಲಾ ಒಂದು ಎನ್‌ಸಿ (ಒತ್ತಿದಾಗ ಬಿಡುವ ಕಾಂಟ್ಯಾಕ್ಟ್). ಹನ್ನೆರಡಕ್ಕೂ ಸಿಲಿಕಾನ್ ಟೋಪಿ. ಬಿಡಿಯಾಗಿ ಎನ್‌ಓ, ಎನ್‌ಸಿ ಎಲಿಮೆಂಟ್ ಎರಡೆರಡು ಕಪಾಟಿನಲ್ಲಿರಲಿ. ಹೆಚ್ಚಿನ ಸಲ ಕೆಡುವುದು ಎಲಿಮೆಂಟ್, ಇಡೀ ಬಟನ್ ಅಲ್ಲ.

ಪ್ರಶ್ನೆ: ನೀರಿನ ಪಂಪ್ ಪ್ಯಾನೆಲ್‌ನಿಂದ ಸುಮಾರು 200 ಮೀಟರ್ ದೂರ. ಪಂಪಿನ ಹತ್ತಿರ 230 ವೋಲ್ಟ್‌ನ ಎಲ್‌ಇಡಿ ಇಂಡಿಕೇಟರ್ ಇದೆ. ಮೋಟಾರ್ ಬಂದ್ ಆದ ಮೇಲೂ ಅದು ಮಿಣಮಿಣ ಉರಿಯುತ್ತದೆ. ಮೀಟರ್ ಹಿಡಿದರೆ ನೂರರ ಆಸುಪಾಸು ವೋಲ್ಟೇಜ್. ಎರಡು ದೀಪ ಬದಲಿಸಿದೆವು, ಅದೇ ಕಥೆ.
– ಮೆಂಟೆನೆನ್ಸ್ ಫಿಟರ್, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ದೀಪಗಳದ್ದು ತಪ್ಪಿಲ್ಲ. ಒಂದೇ ಕೇಬಲ್‌ನಲ್ಲಿ ಒತ್ತೊತ್ತಾಗಿ ಓಡುವ ಎರಡು ಕೋರ್‌ಗಳು (ಒಳಗಿನ ತಂತಿಗಳು) ಕೆಪಾಸಿಟರ್‌ನಂತೆ ವರ್ತಿಸುತ್ತವೆ. ಕಂಟ್ರೋಲ್ ಕೇಬಲ್‌ಗೆ ಮೀಟರಿಗೆ 100 ಪಿಕೋಫ್ಯಾರಡ್ ಹಿಡಿಯಿರಿ. 200 ಮೀಟರಿಗೆ 20 ನ್ಯಾನೋಫ್ಯಾರಡ್. 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಅದರ ಮೂಲಕ ಸುಮಾರು 1.4 ಮಿಲಿಆಂಪಿಯರ್ ನುಸುಳುತ್ತದೆ. ಹಳೆಯ ಬುರುಡೆ ದೀಪ ಇಷ್ಟಕ್ಕೆ ಕಣ್ಣೇ ತೆರೆಯುತ್ತಿರಲಿಲ್ಲ, ಎಲ್‌ಇಡಿಗೆ ಇದು ಸಾಕು.

ಆದರೆ ಮೊದಲು ನಿಜವಾದ ಲೀಕೇಜ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ದೀಪದ ಎರಡು ಟರ್ಮಿನಲ್‌ಗೆ 40 ವ್ಯಾಟ್‌ನ ಟೆಸ್ಟ್ ಲ್ಯಾಂಪ್ ಹಚ್ಚಿ. ಮೀಟರ್ ತೋರಿಸುತ್ತಿದ್ದ ವೋಲ್ಟೇಜ್ ತಟ್ಟನೆ ಬಿದ್ದುಹೋದರೆ ಅದು ಕೇಬಲ್‌ನ ನೆರಳು. ಟೆಸ್ಟ್ ಲ್ಯಾಂಪ್ ಕೆಂಪಗಾದರೂ ಆದರೆ ಎಲ್ಲೋ ಇನ್ಸುಲೇಷನ್ ಹೋಗಿದೆ. ಅದನ್ನು ಹುಡುಕುವವರೆಗೆ ಮುಂದಿನದ್ದು ಬೇಡ.

ನೆರಳೇ ಆಗಿದ್ದರೆ, ಕಡಿಮೆ ವೋಲ್ಟೇಜ್‌ಗೆ ಉರಿಯದಂತೆ ಮಾಡಿದ ಇಂಡಿಕೇಟರ್ ಅಂಗಡಿಯಲ್ಲಿ ‘ಎಲ್‌ವಿಜಿಪಿ’ ಹೆಸರಿನಲ್ಲಿ ಸಿಗುತ್ತದೆ, ಅದನ್ನು ಕೇಳಿ. ಈಗಿರುವ ದೀಪವನ್ನೇ ಉಳಿಸುವುದಾದರೆ ಅದರ ಟರ್ಮಿನಲ್‌ಗಳಿಗೆ ಅಡ್ಡಲಾಗಿ 0.22 ಮೈಕ್ರೋಫ್ಯಾರಡ್‌ನ, 275 ವೋಲ್ಟ್ ಎಸಿಯ ಎಕ್ಸ್2 ದರ್ಜೆಯ (ಮೇನ್ ಲೈನಿಗೆ ಅಡ್ಡಲಾಗಿ ಹಾಕಲೆಂದೇ ಮಾಡಿದ) ಕೆಪಾಸಿಟರ್ ಹಾಕಿ. ನೆರಳು ವೋಲ್ಟೇಜ್ ಇಪ್ಪತ್ತರ ಸುತ್ತ ಇಳಿಯುತ್ತದೆ. 22 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ನಿಂದಲೂ ಆಗುತ್ತದೆ, ಆದರೆ ದೀಪ ಉರಿಯುವಷ್ಟು ಹೊತ್ತೂ ಅದು 2.4 ವ್ಯಾಟ್ ಶಾಖ ಬಿಡುತ್ತದೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಡಬ್ಬಿಯೊಳಗೆ ಅದೊಂದು ಒಲೆ. ಕೆಪಾಸಿಟರ್ ವಾಸಿ. ಸಾದಾ ಫ್ಯಾನ್ ಕೆಪಾಸಿಟರ್ ಹಾಕಬೇಡಿ.

ಹೊಸದಾಗಿ ಕಟ್ಟುವುದಾದರೆ ದೂರದ ದೀಪಗಳಿಗೆ 24 ವೋಲ್ಟ್ ಡಿಸಿ ಕೊಟ್ಟು, ಅದಕ್ಕೆ ಬೇರೆ ಕೇಬಲ್ ಎಳೆಯಿರಿ. ಆಗ ಈ ತಾಪತ್ರಯವೇ ಇಲ್ಲ.

ಪ್ರಶ್ನೆ: ಮೋಟಾರ್ ಓಡುತ್ತಿರುವಾಗ ಕೆಂಪು ದೀಪವೋ ಹಸಿರು ದೀಪವೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
– ಐಟಿಐ ವಿದ್ಯಾರ್ಥಿ, ಯಾದಗಿರಿ

ಉತ್ತರ: ಇಬ್ಬರೂ ಸರಿ, ಅದೇ ತೊಂದರೆ. ನಮ್ಮ ಸ್ವಿಚ್‌ಗೇರ್ ರೂಢಿಯಲ್ಲಿ ಬ್ರೇಕರ್ ಆನ್ ಆದರೆ ಕೆಂಪು, ಆಫ್ ಆದರೆ ಹಸಿರು, ಟ್ರಿಪ್ ಆದರೆ ಹಳದಿ. ‘ಕೆಂಪು ಅಂದರೆ ಕರೆಂಟ್ ಇದೆ, ಮುಟ್ಟಬೇಡ’ ಎನ್ನುವ ತರ್ಕ. ಯಂತ್ರಗಳಿಗಾಗಿ ಇರುವ ಅಂತರರಾಷ್ಟ್ರೀಯ ಮಾನಕ ಐಇಸಿ 60204-1ರ ಲೆಕ್ಕ ಬೇರೆ: ಹಸಿರು ಸರಿಯಾಗಿದೆ, ಹಳದಿ ಏನೋ ಏರುಪೇರು, ಕೆಂಪು ಅಪಾಯ, ನೀಲಿ ಆಪರೇಟರ್ ಏನಾದರೂ ಮಾಡಲೇಬೇಕು, ಬಿಳಿ ಬರೀ ಮಾಹಿತಿ. ಅದೇ ಮಾನಕದಲ್ಲಿ ಸ್ಟಾರ್ಟ್ ಬಟನ್ ಕೆಂಪಿರಬಾರದು, ಸ್ಟಾಪ್ ಬಟನ್ ಹಸಿರಿರಬಾರದು.

ಯಂತ್ರದ ಪ್ಯಾನೆಲ್‌ಗೆ ಎರಡನೆಯದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಆದರೆ ಕಾರ್ಖಾನೆಯಲ್ಲಿ ಈಗಾಗಲೇ ಹತ್ತು ಪ್ಯಾನೆಲ್ ಹಳೆಯ ರೂಢಿಯಲ್ಲಿದ್ದರೆ ಹನ್ನೊಂದನೆಯದನ್ನು ಮಾತ್ರ ಬೇರೆ ಮಾಡಬೇಡಿ. ಪಟ್ಟಿಯ ಮೇಲೆ ‘ಚಾಲೂ’, ‘ಬಂದ್’, ‘ಟ್ರಿಪ್’ ಎಂದು ಕನ್ನಡದಲ್ಲೇ ಕೆತ್ತಿಸಿ. ಬಣ್ಣ ಸರಿಯಾಗಿ ಕಾಣದವರೂ ಯಂತ್ರ ನಡೆಸುತ್ತಾರೆ.

ಬಣ್ಣಕ್ಕಿಂತ ಮುಖ್ಯ ದೀಪದ ವೈರ್ ಎಲ್ಲಿಂದ ಬರುತ್ತದೆ ಎನ್ನುವುದು. ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ, ಕಾಯಿಲ್‌ನಿಂದ ನಡೆಯುವ ಸ್ವಿಚ್) ಕಾಯಿಲ್‌ನ ಎ1, ಎ2 ಟರ್ಮಿನಲ್‌ಗೆ ಸೇರಿಸಿದರೆ ಕಾಯಿಲ್ ಸುಟ್ಟರೂ ದೀಪ ಉರಿಯುತ್ತದೆ, ಸಾಲದ್ದಕ್ಕೆ ಕಾಯಿಲ್ ಬಿಡುವಾಗಿನ ಹೊಡೆತಕ್ಕೆ ಎಲ್‌ಇಡಿ ಬೇಗ ಸಾಯುತ್ತದೆ. ಕಾಂಟ್ಯಾಕ್ಟರ್‌ನದೇ ಎನ್‌ಓ ಮೂಲಕ ಕೊಡಿ. ಅದರ 13-14 ಟರ್ಮಿನಲ್ ಹೋಲ್ಡಿಂಗ್‌ಗೆ (ಬಟನ್ ಬಿಟ್ಟ ಮೇಲೂ ಕಾಂಟ್ಯಾಕ್ಟರ್ ಹಿಡಿದಿರಲು) ಹೋಗಿದ್ದರೆ ಆ್ಯಡ್-ಆನ್ ಬ್ಲಾಕ್ ಹಾಕಿ. ಟ್ರಿಪ್ ದೀಪಕ್ಕೆ ಓವರ್‌ಲೋಡ್ ರಿಲೇಯ 97-98 ಟರ್ಮಿನಲ್ ಬಳಸಿ.

ಪ್ರಶ್ನೆ: ಪರಸಿ ಕಲ್ಲು ಕೊಯ್ಯೋ ಮಷೀನಿಗೆ ಆನ್-ಆಫ್ ಸೆಲೆಕ್ಟರ್ ಸ್ವಿಚ್ ಒಂದೇ ಅದ. ಎಮರ್ಜೆನ್ಸಿ ಬಟನ್ ಯಾವುದು ಹಾಕಬೇಕು?
– ಶಹಾಬಾದ್, ಕಲಬುರಗಿ ಜಿಲ್ಲೆ

ಉತ್ತರ: ಮೊದಲು ಆ ಸೆಲೆಕ್ಟರ್ ತೆಗೆಯಿರಿ. ಕರೆಂಟ್ ಹೋಗಿ ಬಂದಾಗ ಸ್ವಿಚ್ ಆನ್‌ನಲ್ಲೇ ಇದ್ದರೆ ಬ್ಲೇಡ್ ತಾನಾಗಿ ತಿರುಗುತ್ತದೆ, ಆ ಹೊತ್ತಿಗೆ ಯಾರದೋ ಕೈ ಕಲ್ಲಿನ ಮೇಲಿರುತ್ತದೆ. ಸ್ಟಾರ್ಟ್, ಸ್ಟಾಪ್ ಬಟನ್ ಮತ್ತು ಹೋಲ್ಡಿಂಗ್ ಇದ್ದರೆ ಕರೆಂಟ್ ಹೋದ ಕೂಡಲೇ ಕಾಂಟ್ಯಾಕ್ಟರ್ ಬಿಡುತ್ತದೆ, ಮತ್ತೆ ಒತ್ತುವವರೆಗೆ ಹಿಡಿಯುವುದಿಲ್ಲ.

ಎಮರ್ಜೆನ್ಸಿಗೆ ಹಳದಿ ಹಿನ್ನೆಲೆಯ, 40 ಮಿ.ಮೀ. ಕೆಂಪು ಮಶ್ರೂಮ್ ತಲೆ, ಒತ್ತಿದರೆ ಅಲ್ಲೇ ಲಾಕ್ ಆಗಿ ತಿರುಗಿಸಿದರೆ ಬಿಡುವಂಥದ್ದು. ಎನ್‌ಸಿ ಎಲಿಮೆಂಟ್ ಮೇಲೆ ವೃತ್ತದೊಳಗೆ ಬಾಣದ ಗುರುತಿರಬೇಕು. ಕಾಂಟ್ಯಾಕ್ಟ್ ಅಂಟಿಕೊಂಡರೂ ಒತ್ತಡದಿಂದಲೇ ಬಿಡಿಸುತ್ತದೆ ಎಂದು ಅದರ ಅರ್ಥ. ಎನ್‌ಸಿಯೇ ಏಕೆಂದರೆ ವೈರ್ ಕಡಿದರೂ ಮಷೀನ್ ನಿಲ್ಲಬೇಕು. ಕಂಪನಕ್ಕೆ ಎಲಿಮೆಂಟ್ ಕಳಚಿ ಬಿದ್ದರೆ ಮಾತ್ರ ಎನ್‌ಸಿ ಮುಚ್ಚಿಯೇ ಉಳಿದು ಬಟನ್ ಬೊಂಬೆಯಾಗುತ್ತದೆ. ಹಾಗೆ ಕಳಚಿದಾಗ ತಾನೇ ಸರ್ಕ್ಯೂಟ್ ಬಿಡಿಸುವ ‘ಸೆಲ್ಫ್ ಮಾನಿಟರಿಂಗ್’ ಎಲಿಮೆಂಟ್ ಸಿಗುತ್ತದೆ, ನಿಮ್ಮ ಮಷೀನಿಗೆ ಅದೇ ತಕ್ಕುದು. ಎತ್ತರ ನಿಂತ ನೆಲದಿಂದ 0.6ರಿಂದ 1.7 ಮೀಟರ್ ಒಳಗೆ, ಕಲ್ಲು ತಳ್ಳುವವರಿಗೂ ಎಳೆದುಕೊಳ್ಳುವವರಿಗೂ ಕೈಗೆಟುಕುವಂತೆ. ಅಂದರೆ ಎರಡು ಬಟನ್, ಎರಡೂ ಸೀರೀಸ್‌ನಲ್ಲಿ. ಬಟನ್ ಬಿಡಿಸಿದ ಮಾತ್ರಕ್ಕೆ ಮಷೀನ್ ಶುರುವಾಗಬಾರದು. ವಾರಕ್ಕೊಮ್ಮೆ ಓಡುವಾಗಲೇ ಒತ್ತಿ ನೋಡಿ. ಕರೆಂಟ್ ಕಡಿದರೂ ಬ್ಲೇಡ್ ಕೆಲಹೊತ್ತು ತಿರುಗುತ್ತಲೇ ಇರುತ್ತದೆ ಎಂಬುದನ್ನು ಕೆಲಸದವರಿಗೆ ತೋರಿಸಿ ಹೇಳಿ.

ಪ್ರಶ್ನೆ: ಹಳೆ ಪ್ಯಾನೆಲ್‌ನಲ್ಲಿ 30 ಮಿ.ಮೀ. ತೂತುಗಳಿವೆ, ಬಟನ್ ಸಿಗುತ್ತಿಲ್ಲ. ಬಾಗಿಲೇ ಬದಲಿಸಬೇಕೇ?
– ಸೇಡಂ

ಉತ್ತರ: ಬೇಡ. 30ರಿಂದ 22ಕ್ಕೆ ಇಳಿಸುವ ಅಡಾಪ್ಟರ್ ರಿಂಗ್ ಇದೆ, ರಬ್ಬರ್ ವಾಷರ್ ಜೊತೆಗಿರುವುದನ್ನೇ ಕೊಳ್ಳಿ.