ಓದುಗರ ಪ್ರಶ್ನೆ: ಮೊಸರು ಕಲ್ಲಾಗಿದೆ, ಎಂತ ಮಾಡುವುದು?

ಕಳೆದ ಸಂಚಿಕೆಯಲ್ಲಿ ಕೊನೆಗೆ ಸ್ವಲ್ಪ ಜಾಗ ಉಳಿದಿತ್ತು ಅಂತ ನಾಲ್ಕು ಸಾಲು ಬರೆದುಬಿಟ್ಟಿದ್ದೆ, ಮೊಸರಿಗೆ ಬೆಲ್ಲ ಹಣ್ಣು ಹಾಕಿ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಟ್ಟರೆ ಮಕ್ಕಳಿಗೆ ಒಳ್ಳೆ ತಿಂಡಿ ಆಗ್ತದೆ, ಒಲೆಯೂ ಬೇಡ ಓವನ್ನೂ ಬೇಡ ಅಂತ. ಅಷ್ಟೇ ಬರೆದು ಕೈತೊಳೆದದ್ದು ನನ್ನದೇ ತಪ್ಪು. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅದರದ್ದೇ, ಕೆಲವು ಪ್ರಶ್ನೆ ಅಲ್ಲ, ಬೈಗುಳ. ಹಾಗಾಗಿ ಈ ಸಲ ಪೂರ್ತಿ ಮೊಸರೇ. ಮಲ್ಲಿಗೆ ಗಿಡಕ್ಕೆ ಹುಳ ಬಿದ್ದದ್ದು ಕೇಳಿದವರು ಒಂದು ಸಂಚಿಕೆ ತಾಳ್ಮೆ ಮಾಡ್ಕೊಳ್ಳಿ.

ನೀವು ಹೇಳಿದ ಹಾಗೇ ಮಾಡಿದೆ. ಮಾರನೇ ದಿನ ನೋಡಿದ್ರೆ ಕಲ್ಲು! ಮಗ ಕಚ್ಚಿ ಹಲ್ಲು ನೋವು ಅಂತ ಕೂತ, ಮೇಲಿಂದ ಹುಳಿ ಬೇರೆ. ಎಲ್ಲಿ ತಪ್ಪಿದೆ?
– ಇಬ್ಬರು ಮಕ್ಕಳ ತಾಯಿ, ನೀರ್ಚಾಲು

ಮೊದಲು ಮಗನ ಹತ್ರ ನನ್ನ ಪರವಾಗಿ ಕ್ಷಮೆ ಕೇಳಿ. ನೀವು ಮೊಸರನ್ನು ಪಾತ್ರೆಯಿಂದ ಹಾಗೇ ತೆಗೆದು ಹರಡಿದ್ದೀರಿ, ಅಲ್ವಾ? ಮನೆ ಮೊಸರಿನಲ್ಲಿ 100 ಗ್ರಾಮಿಗೆ ಹೆಚ್ಚು ಕಡಿಮೆ 85ರಿಂದ 88 ಗ್ರಾಂ ನೀರೇ ಇರ್ತದೆ, ಅದು ಫ್ರೀಜರಿನಲ್ಲಿ ನಿಧಾನಕ್ಕೆ ಗಟ್ಟಿಯಾಗುವಾಗ ದೊಡ್ಡ ದೊಡ್ಡ ಹರಳು ಕಟ್ತದೆ, ಮಗ ಕಚ್ಚಿದ್ದು ಆ ಹರಳನ್ನು. ಹಾಗಾಗಿ ಈ ತಿಂಡಿಯಲ್ಲಿ ನಿಜವಾದ ಕೆಲಸ ಅಂತ ಇರುವುದು ಒಂದೇ, ನೀರು ಇಳಿಸುವುದು.

1 ಲೀಟರ್ ಗಟ್ಟಿ ಹಾಲಿನ ಮೊಸರು ತಗೊಳ್ಳಿ. ಕೆನೆ ತೆಗೆದ ಹಾಲಿನದ್ದು ಬೇಡ, ಕೊಬ್ಬು ಇದ್ದಷ್ಟು ಹರಳು ಸಣ್ಣದಾಗ್ತದೆ, ಬಾಯಿಗೆ ನುಣ್ಣಗಿರ್ತದೆ. ಹಳೇ ಪಂಚೆ ತುಂಡು ತೊಳೆದು ಬಿಸಿನೀರಲ್ಲಿ ಅದ್ದಿ ಹಿಂಡಿ, ಅದರಲ್ಲಿ ಮೊಸರು ಗಂಟು ಕಟ್ಟಿ ಒಂದು ತೂತಿನ ಪಾತ್ರೆಯಲ್ಲಿಟ್ಟು, ಅದರ ಅಡಿಗೆ ಇನ್ನೊಂದು ಪಾತ್ರೆ ಇಟ್ಟು, ಎರಡನ್ನೂ ಸೇರಿಸಿ ಫ್ರಿಜ್ಜಿನ ಒಳಗೆ ರಾತ್ರಿ ಇಡಿ. ಫ್ರಿಜ್ಜಿನ ಒಳಗೆ ಅಂತ ಒತ್ತಿ ಹೇಳ್ತಿದ್ದೇನೆ, ಯಾಕಂದ್ರೆ ನಾನು ಮೊದಲ ಸಲ ಏಪ್ರಿಲ್ ತಿಂಗಳಲ್ಲಿ ಅಡಿಗೆಮನೆ ಕಿಟಕಿಯ ಮೊಳೆಗೆ ನೇತಾಡಿಸಿ ಮಲಗಿದ್ದೆ, ನಮ್ಮ ಕರಾವಳಿಯ ಸೆಕೆಗೆ ಬೆಳಿಗ್ಗೆ ಆಗುವಾಗ ಅದು ಮೂಗಿನ ಹತ್ರ ತರ್ಲಿಕ್ಕೆ ಆಗದಷ್ಟು ಹುಳಿ. ನಿಮ್ಮದು ಹುಳಿ ಬಂದದ್ದೂ ಹೀಗೇ ಇರಬಹುದು, ಮೊಸರು ಹೆಪ್ಪಾದ ಮೇಲೆ ಹೊರಗೆ ಬಹಳ ಹೊತ್ತು ಇತ್ತಾ ನೋಡ್ಕೊಳ್ಳಿ.

ಬೆಳಿಗ್ಗೆ ಕೆಳಗಿನ ಪಾತ್ರೆಯಲ್ಲಿ ತಿಳಿ ಹಸಿರು ಹಳದಿ ನೀರು ಅರ್ಧ ಲೀಟರಿಗಿಂತ ಜಾಸ್ತಿ ನಿಂತಿರ್ತದೆ, ಬಟ್ಟೆಯಲ್ಲಿ ಉಳಿಯುವುದು ಸುಮಾರು 400 ಗ್ರಾಂ, ಬೆಣ್ಣೆ ಹಾಗೆ, ಚಮಚ ನಿಲ್ಲಿಸಿದ್ರೆ ನಿಲ್ಲಬೇಕು. ಅದಕ್ಕೆ 3 ದೊಡ್ಡ ಚಮಚ ಬೆಲ್ಲದ ಪುಡಿ, ಒಂದು ಹಣ್ಣಾದ ಕದಳಿ ಬಾಳೆಹಣ್ಣು ಕಿವುಚಿ, ಏಲಕ್ಕಿ, ಒಂದು ಹರಳು ಉಪ್ಪು ಪುಡಿ ಮಾಡಿ ಹಾಕಿ. ರುಚಿ ನೋಡುವಾಗ ನಾಲಿಗೆಗೆ ಸ್ವಲ್ಪ ಸಿಹಿ ಜಾಸ್ತಿ ಆಯ್ತು ಅನಿಸಬೇಕು, ತಣ್ಣಗಾದ ಮೇಲೆ ಸಿಹಿ ಅಷ್ಟು ಗೊತ್ತಾಗುವುದಿಲ್ಲ. ಮತ್ತೆ ಸಿಹಿ ಇರುವುದು ರುಚಿಗೆ ಮಾತ್ರ ಅಂತ ತಿಳ್ಕೊಳ್ಳಬೇಡಿ, ಸಕ್ಕರೆ ಕರಗಿದ ನೀರು ಸೊನ್ನೆ ಡಿಗ್ರಿಗೆ ಗಡ್ಡೆ ಕಟ್ಟುವುದಿಲ್ಲ, ಇನ್ನೂ ಕೆಳಗೆ ಹೋಗಬೇಕು, ಹಾಗಾಗಿ ಫ್ರೀಜರಿನಲ್ಲೂ ಸ್ವಲ್ಪ ಮೆತ್ತಗೆ ಉಳೀತದೆ. ಸಿಹಿ ಪೂರ್ತಿ ಬಿಟ್ಟವರದ್ದೇ ಹೆಚ್ಚು ಕಲ್ಲಾಗುವುದು.

ಹರಡ್ಲಿಕ್ಕೆ ಊಟದ ಸ್ಟೀಲ್ ಬಟ್ಟಲು ಸಾಕು. ಬಟರ್ ಪೇಪರ್ ತರ್ಲಿಕ್ಕೆ ಪೇಟೆಗೆ ಓಡಬೇಡಿ, ಹಿತ್ತಲಲ್ಲಿ ಬಾಳೆ ಉಂಟಲ್ಲ. ಒಂದು ಕೀತು ಕೊಯ್ದು ಗ್ಯಾಸ್ ಉರಿಯ ಮೇಲೆ ಆಚೆ ಈಚೆ ಆಡಿಸಿ ಬಾಡಿಸಿ (ಒಲೆ ಬೇಡ ಅಂದವಳೇ ಒಲೆ ಹಚ್ಚಿಸಿದಳು ಅನ್ನಬೇಡಿ, ಅರ್ಧ ನಿಮಿಷದ ಕೆಲಸ), ಒರೆಸಿ, ಬಟ್ಟಲಿಗೆ ಹಾಸಿ, ಅದರ ಮೇಲೆ ಅರ್ಧ ಬೆರಳು ದಪ್ಪಕ್ಕೆ ಹರಡಿ. ಮೇಲಿಂದ ಹುರಿದ ಗೇರುಬೀಜದ ಚೂರು, ಕೆಂಪಗೆ ಹುರಿದ ಕೊಬ್ಬರಿ ತುರಿ, ಇದ್ದರೆ ಮಾವಿನಹಣ್ಣಿನ ಸಣ್ಣ ತುಂಡು. 3ರಿಂದ 4 ಗಂಟೆ ಫ್ರೀಜರಿನಲ್ಲಿ, ಮಧ್ಯೆ ಮಧ್ಯೆ ಬಾಗಿಲು ತೆಗೆದು ಆಯ್ತಾ ಅಂತ ನೋಡ್ಲಿಕ್ಕೆ ಇಲ್ಲ. ಆಮೇಲೆ ಎಲೆ ಸುಲಿದ್ರೆ ಸರ್ರಂತ ಬಿಡ್ತದೆ, ಅಡಿಯಲ್ಲಿ ಎಲೆಯ ಗೀಟು ಗೀಟು ಅಚ್ಚು ಕೂತಿರ್ತದೆ, ಅದನ್ನು ನೋಡ್ಲಿಕ್ಕೇ ನಮ್ಮನೆ ಮಕ್ಕಳು ಜಗಳ ಮಾಡುವುದು. ಕೈಯಲ್ಲೇ ಮುರಿದು ಡಬ್ಬಕ್ಕೆ ಹಾಕಿ ಮುಚ್ಚಿ ಫ್ರೀಜರಿನಲ್ಲೇ ಇಡಿ, 2 ವಾರದೊಳಗೆ ತಿಂದು ಮುಗಿಸಿ. ತಿನ್ನುವ ಮೊದಲು 2 ನಿಮಿಷ ಹೊರಗಿಟ್ಟರೆ ಹಲ್ಲಿಗೂ ಒಳ್ಳೇದು.

ಅನಾನಸು ಹಾಕಿ ಮಾಡಿದ್ದು ಕಹಿ ಕಹಿ ಆಯ್ತು. ಹಣ್ಣು ಸಿಹಿಯೇ ಇತ್ತು, ಮೊಸರೂ ಒಳ್ಳೇದೇ ಇತ್ತು.
– ಹೊಸಂಗಡಿ

ಎರಡೂ ಒಳ್ಳೇದೇ, ಜೋಡಿ ಸರಿ ಇಲ್ಲ. ಹಸಿ ಅನಾನಸಿನಲ್ಲಿ ಬ್ರೋಮಿಲೇನ್ ಅಂತ ಒಂದು ಕಿಣ್ವ ಉಂಟು, ಅದು ಹಾಲಿನ ಪ್ರೊಟೀನನ್ನು ತುಂಡು ತುಂಡು ಮಾಡ್ತದೆ, ಆ ತುಂಡುಗಳೇ ಕಹಿ. ಅನಾನಸು ತುಂಬಾ ತಿಂದರೆ ನಾಲಿಗೆ ಉರಿಯುವುದಕ್ಕೂ ಅದರ ಕೈ ಉಂಟು. ತುಂಡುಗಳನ್ನು ಸ್ವಲ್ಪ ಬೆಲ್ಲ ಹಾಕಿ ಚೆನ್ನಾಗಿ ಕುದಿ ಬರುವಷ್ಟು ಬೇಯಿಸಿ, ತಣಿದ ಮೇಲೆ ಹಾಕಿ, ಆಗ ಕಿಣ್ವದ ಆಟ ನಡೆಯುವುದಿಲ್ಲ. ಪಪ್ಪಾಯಿಗೂ ಇದೇ ಕಥೆ. ಮಾವು, ಬಾಳೆ, ಚಿಕ್ಕು, ಹಲಸು ಈ ತಂಟೆ ಮಾಡುವುದಿಲ್ಲ. ಹಲಸಿನಲ್ಲಿ ಬಕ್ಕೆ (ಗಟ್ಟಿ ಸೊಳೆಯದ್ದು) ಸೊಳೆ ಸಣ್ಣಗೆ ಹೆಚ್ಚಿ ಹಾಕಿ, ತುಳುವ (ಮೆತ್ತಗಿನ ಸೊಳೆಯದ್ದು) ಹಾಕಿದ್ರೆ ನಾರು ನಾರು. ಕಲ್ಲಂಗಡಿ ಮಾತ್ರ ಬೇಡವೇ ಬೇಡ, ಅಷ್ಟು ಕಷ್ಟಪಟ್ಟು ಇಳಿಸಿದ ನೀರನ್ನು ನೀವೇ ವಾಪಸು ಹಾಕಿದ ಹಾಗೆ.

ಕಾಟು ಮಾವಿನದ್ದು (ಕಾಡು ಮಾವು) ಮಾಡಬಹುದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ರಸ ಹಿಂಡಿ ಬೆಲ್ಲ ಹಾಕಿ ದಪ್ಪ ಆಗುವವರೆಗೆ ಕಾಯಿಸಿ ತಣಿಸಿ, ಮೊಸರಿನ ಮೇಲೆ ಗೆರೆ ಗೆರೆಯಾಗಿ ಬಿಟ್ಟು ಚಮಚದ ಹಿಡಿಯಿಂದ ಒಮ್ಮೆ ಎಳೀರಿ. ನನ್ನ ಕೇಳಿದ್ರೆ ಇಷ್ಟರಲ್ಲಿ ಒಂದೇ ಮಾಡಿ ಅಂದ್ರೆ ಇದನ್ನೇ ಮಾಡಿ ಅಂತ ಹೇಳ್ತೇನೆ.

ನಮ್ಮದು ಕಾಸರಗೋಡು ಗಿಡ್ಡ ದನ, ಕೊಡುವುದು ದಿನಕ್ಕೆ ಒಂದೂವರೆ ಲೀಟರು. ಅದರ ಮೊಸರು ಯಾವಾಗಲೂ ತೆಳ್ಳಗೆ. ಪೇಟೆಯಿಂದಲೇ ತರಬೇಕಾ?
– ಪೆರ್ಲ

ಅಯ್ಯೋ, ಹಟ್ಟಿಯಲ್ಲಿ ಗಿಡ್ಡ ದನ ಕಟ್ಕೊಂಡು ಪೇಟೆ ಮೊಸರಿಗೆ ಹೋಗುವುದಾ! ಹಾಲು ಉಕ್ಕಿದ ಕೂಡಲೇ ಇಳಿಸಬೇಡಿ, ಸಣ್ಣ ಉರಿಯಲ್ಲಿ 10 ನಿಮಿಷ ಬಿಡಿ, ಕೈಯಾಡಿಸ್ತಾ ಇರಿ. ನೀರು ಸ್ವಲ್ಪ ಆವಿಯಾಗಿ ಹೋಗ್ತದೆ, ಅದಲ್ಲದೆ ಆ ಬಿಸಿಗೆ ಹಾಲಿನ ಇನ್ನೊಂದು ಜಾತಿ ಪ್ರೊಟೀನು ಬಿಚ್ಚಿಕೊಂಡು ಮೊಸರಿನ ಬಲೆಗೆ ಸೇರಿಕೊಳ್ತದೆ, ಹೆಪ್ಪು ಗಟ್ಟಿ ಬರ್ತದೆ. ಬೆರಳು ಅದ್ದಿದ್ರೆ ಹಿತ ಅನಿಸುವಷ್ಟು ಬೆಚ್ಚಗಾದ ಮೇಲೆ ಹೆಪ್ಪು ಹಾಕಿ. ಎರಡು ದಿನದ್ದು ಸೇರಿಸಿ ಗಂಟು ಕಟ್ಟಿದ್ರೆ ಆಯ್ತು.

ಇಳಿದ ನೀರು ಚೆಲ್ಲುವುದಾ ಅಂತಲೂ ನೀವು ಕೇಳಿದ್ದೀರಿ. ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಿ, ದೋಸೆ ಹಿಟ್ಟಿಗೆ ನೀರಿನ ಬದಲು ಹಾಕಿ, ಶುಂಠಿ ಕರಿಬೇವು ಜಜ್ಜಿ ಉಪ್ಪು ಹಾಕಿ ಕುಡೀರಿ. ಉಳಿದದ್ದಕ್ಕೆ ಇನ್ನಷ್ಟು ನೀರು ಬೆರೆಸಿ ಕರಿಬೇವಿನ ಬುಡಕ್ಕೆ.

ನನಗೆ ಶುಗರ್ ಉಂಟು. ಸಕ್ಕರೆ ಬದಲು ಬೆಲ್ಲ ಹಾಕಿದ್ದಲ್ವಾ, ನಾನು ತಿನ್ನಬಹುದಲ್ಲ?
– ನಿವೃತ್ತ ಮಾಸ್ತರು, ಬದಿಯಡ್ಕ

ಮಾಸ್ತರ್ರೇ, ನಿಮಗೆ ಬೇಕಾದ ಉತ್ತರ ನನ್ನ ಹತ್ರ ಇಲ್ಲ. ಬೆಲ್ಲವೂ ಹೆಚ್ಚಿನಂಶ ಸಕ್ಕರೆಯೇ, ಸ್ವಲ್ಪ ಕಬ್ಬಿಣ ಗಿಬ್ಬಿಣ ಇರಬಹುದು, ರಕ್ತಕ್ಕೆ ಹೋದ ಮೇಲೆ ಅದು ಬೆಲ್ಲ ಇದು ಸಕ್ಕರೆ ಅಂತ ಭೇದ ಇಲ್ಲ. ಜೇನೂ ಹಾಗೇ. ನಮ್ಮ ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಉಂಟಲ್ಲ, 1916ರಲ್ಲಿ ತೆಂಗಿನ ಸಂಶೋಧನೆಗೆ ಅಂತ ಶುರುವಾದದ್ದು, ಅವರು ತೆಂಗಿನ ಹೊಂಬಾಳೆಯಿಂದ ಕಲ್ಪರಸ ತೆಗೆದು ಅದರಿಂದ ಸಕ್ಕರೆ ಮಾಡುವ ಕ್ರಮವನ್ನೂ ತೋರಿಸಿಕೊಟ್ಟಿದ್ದಾರೆ, ರುಚಿ ಭಾರೀ ಲಾಯ್ಕ, ಆದ್ರೆ ಅದೂ ಸಕ್ಕರೆಯೇ, ಲೆಕ್ಕಕ್ಕೆ ಹಿಡಿಯಲೇಬೇಕು.

ನಿಮಗೆ ಬೇರೆ ದಾರಿ ಹೇಳ್ತೇನೆ. ಸಿಹಿ ಬಿಟ್ಟುಬಿಡಿ, ಕಟ್ಟಿದ ಮೊಸರಿಗೆ ಒಂದು ಹಿಡಿ ತಿಮರೆ (ಒಂದೆಲಗ) ಸೊಪ್ಪು, ಒಂದು ಚೂರು ಶುಂಠಿ, ಅರ್ಧ ಹಸಿಮೆಣಸು, ಎರಡು ಚಮಚ ತೆಂಗಿನ ತುರಿ ನುಣ್ಣಗೆ ರುಬ್ಬಿ ಹಾಕಿ, ಉಪ್ಪು ಹಾಕಿ, ಜೀರಿಗೆ ಒಗ್ಗರಣೆ ತಣಿಸಿ ಹಾಕಿ, ಐಸ್ ಟ್ರೇಯಲ್ಲಿ ಇಡಿ. ತಂಬುಳಿಯೇ, ಗಟ್ಟಿಯಾಗಿದೆ ಅಷ್ಟೆ. ಸಿಹಿಯದ್ದಕ್ಕಿಂತ ಗಟ್ಟಿಯಾಗ್ತದೆ, 5 ನಿಮಿಷ ಹೊರಗಿಟ್ಟು ಚಮಚದಲ್ಲಿ ಕೆರೆದು ತಿನ್ನಿ. ನಮ್ಮನೆಯವರು ಮೊದಲು ನಕ್ಕರು, ಆಮೇಲೆ ಟ್ರೇ ಖಾಲಿ ಮಾಡಿಟ್ಟರು.

ಮೊಸರಿಗೆ ಹಣ್ಣು, ಮೇಲಿಂದ ಐಸು, ಮಗುವಿಗೆ ಶೀತ ಆಗದೆ ಇರ್ತದಾ ಅಂತ ಅತ್ತೆ ದಿನಾ ಹೇಳ್ತಾರೆ. ಯಾರು ಸರಿ?
– ಮುಳ್ಳೇರಿಯ

ಅತ್ತೆ ಸೊಸೆ ಮಧ್ಯೆ ಕೈ ಹಾಕುವುದು ನನ್ನ ಜಾಯಮಾನ ಅಲ್ಲ, ಆದರೂ ಕೇಳಿದ್ದೀರಿ. ನೆಗಡಿ ಬರುವುದು ವೈರಸ್ಸಿನಿಂದ, ತಣ್ಣಗಿನ ತಿಂಡಿಯಿಂದ ಅಲ್ಲ. ಇನ್ನು ಮೊಸರಿಗೆ ಹಣ್ಣು ಕೂಡದು, ರಾತ್ರಿ ಮೊಸರು ಕೂಡದು ಅಂತ ಆಯುರ್ವೇದದ ಕಡೆಯವರು ಹಿಂದಿನಿಂದ ಹೇಳುವುದುಂಟು, ಅತ್ತೆ ಅದನ್ನೇ ಹೇಳ್ತಿರುವುದು, ಸುಮ್ಮನೆ ಹೇಳಿದ್ದಲ್ಲ. ಆಗಲೇ ಕೆಮ್ಮು ಇರುವ ಮಗುವಿಗೆ, ದಮ್ಮು ಇರುವ ಮಗುವಿಗೆ ತೀರಾ ತಣ್ಣಗಿನದ್ದು ಗಂಟಲು ಕೆರೆದು ಕೆಮ್ಮು ಎಬ್ಬಿಸಬಹುದು, ಆಗ ಬೇಡ. ಇಲ್ಲದಿದ್ದರೆ ಮಧ್ಯಾಹ್ನ 3 ಗಂಟೆಗೆ ಶಾಲೆ ಬಿಟ್ಟು ಬಂದ ಮೇಲೆ ಎರಡು ತುಂಡು ಕೊಡಿ, ರಾತ್ರಿ ಕೊಡಬೇಡಿ, ಒಂದು ತುಂಡು ಅತ್ತೆಗೂ ಕೊಡಿ, ಹಣ್ಣಿಲ್ಲದ್ದು.

10 ತಿಂಗಳ ಮಗುವಿಗೆ ಜೇನು ಹಾಕಿ ಮಾಡಿ ಕೊಡಬಹುದಾ?
– ಕುಂಬಳೆ

ಜೇನು ಬೇಡ. 1 ವರ್ಷ ತುಂಬುವ ಮೊದಲು ಜೇನು ಒಂದು ಹನಿಯೂ ಬೇಡ, ಕಾಯಿಸಿದ್ದೂ ಬೇಡ, ಬಾಟ್ಯುಲಿಸಂ ಅಂತ ಅಪಾಯದ ಕಾಯಿಲೆ ಬರುವ ಸಾಧ್ಯತೆ ಉಂಟು, ಕಾಡಿನ ಜೇನು ಶುದ್ಧ ಅಂತ ಯಾರು ಹೇಳಿದ್ರೂ ಕೇಳಬೇಡಿ. ಗೇರುಬೀಜ ನೆಲಗಡಲೆ ಚೂರೂ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ತದೆ. ಗಟ್ಟಿ ಮಂಜಿನ ತುಂಡೂ ಕೊಡಬೇಡಿ. ಅಷ್ಟು ಸಣ್ಣ ಮಗುವಿಗೆ ಮೊಸರಿಗೆ ಬಾಳೆಹಣ್ಣು ಕಿವುಚಿ ಹಾಗೇ ಕೊಡಿ, ಫ್ರೀಜರ್ ಕಾಣಿಸಬೇಕು ಅಂತ ಎಂತ ಅರ್ಜೆಂಟು?

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಬರುವುದು ದೇವರಿಗೇ ಗೊತ್ತು. ಕರಗಿದ್ದನ್ನು ಮತ್ತೆ ಇಡಬಹುದಾ?
– ಎಣ್ಮಕಜೆ

ಬಾಗಿಲು ತೆಗೆಯದೆ ಇದ್ದರೆ ಫ್ರೀಜರ್ ಸುಮಾರು ಹೊತ್ತು ತಡೀತದೆ, ತುಂಬಿದ್ದು ಖಾಲಿಗಿಂತ ಜಾಸ್ತಿ ತಡೀತದೆ, ಹಾಗಾಗಿ ಬಾಟ್ಲಿಯಲ್ಲಿ ನೀರು ತುಂಬಿ ಮೂಲೆಗೆ ಇಟ್ಟುಬಿಡಿ (ಪೂರ್ತಿ ತುಂಬಬೇಡಿ, ಒಡೀತದೆ). ತುಂಡಿನ ಒಳಗೆ ಇನ್ನೂ ಮಂಜು ಉಂಟು, ಮುಟ್ಟಿದ್ರೆ ಕೊರೀತದೆ ಅಂದ್ರೆ ಮತ್ತೆ ಇಡಬಹುದು, ತಿಂದ್ರೆ ತೊಂದರೆ ಇಲ್ಲ, ಆದ್ರೆ ಮೊದಲಿನ ನುಣುಪು ಹೋಗಿ ಮರಳು ಮರಳು ಆಗ್ತದೆ. ಪೂರ್ತಿ ನೀರಾಗಿದೆ, ಆದ್ರೆ ತಣ್ಣಗೇ ಉಂಟು ಅಂದ್ರೆ ಕಡೆದು ಲಸ್ಸಿ ಮಾಡಿ ಆಗಲೇ ಕುಡೀರಿ. ಬೆಚ್ಚಗಾಗಿ ಗಂಟೆಗಟ್ಟಲೆ ಆಗಿದ್ರೆ ಆಸೆ ಬಿಡಿ.

ಫ್ರೀಜರಿನಲ್ಲಿಟ್ಟರೆ ಮೊಸರಿನ ಒಳ್ಳೆ ಬ್ಯಾಕ್ಟೀರಿಯ ಸಾಯುವುದಿಲ್ವಾ?
– ಕಾಲೇಜು ವಿದ್ಯಾರ್ಥಿನಿ, ಕಾಸರಗೋಡು

ಕೆಲವು ಸಾಯ್ತವೆ, ತುಂಬಾ ನಿದ್ದೆ ಹೋಗ್ತವೆ, ಹೊಟ್ಟೆಯ ಬಿಸಿಗೆ ಎದ್ದೇಳ್ತವೆ. ಕುದಿಸಿದ್ರೆ ಮಾತ್ರ ಎಲ್ಲಾ ಮುಗೀತು.

ನಾನು ನಾಲ್ಕನೇ ಕ್ಲಾಸು. ಇದನ್ನು ಟಿಫಿನ್ ಬಾಕ್ಸಿನಲ್ಲಿ ಶಾಲೆಗೆ ತಗೊಂಡು ಹೋಗಬಹುದಾ? ಅಮ್ಮ ಬೇಡ ಅಂತಾರೆ.
– ಉಪ್ಪಳ

ಪುಟ್ಟಾ, ಹೊರಗೆ ತೆಗೆದು 10 ನಿಮಿಷ ಆಗುವಾಗ ಬೆವರ್ಲಿಕ್ಕೆ ಶುರು ಮಾಡ್ತದೆ, ನೀನು ಬಸ್ಸಿನಲ್ಲಿ ಸೀಟು ಹುಡುಕುವುದರೊಳಗೆ ಅದು ಮೊಸರು, ಒಂದನೇ ಪೀರಿಯಡ್ಡಿಗೆ ನಿನ್ನ ಕನ್ನಡ ಪುಸ್ತಕದ ಮೇಲೆ. ಅಮ್ಮ ಹೇಳಿದ್ದು ಸರಿ. ಸಂಜೆ ಬಂದು ತಿನ್ನು, ಎಲೆ ಸುಲಿಯುವ ಕೆಲಸ ನಿಂಗೇ ಕೊಡ್ಲಿಕ್ಕೆ ಹೇಳು.