ಎರಡು ಸಾವಿರ ಗಂಟೆ ಎಲ್ಲಿಂದ ತರೋದು, ಆಂಟಿ?

(ಹುಡುಗಿ ಮತ್ತು ಅವಳ ಅಮ್ಮನ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ನ್ಯೂಜೆರ್ಸಿ ಕಡೆಯ ಕನ್ನಡ ಕುಟುಂಬ. ಅಪ್ಪ ಸಾಫ್ಟ್‌ವೇರ್, ಅಮ್ಮ ಶಾಲೆಯೊಂದರಲ್ಲಿ ಪಾರ್ಟ್ ಟೈಮ್. ಮಗಳಿಗೆ 22, ಅಲ್ಲೇ ಹುಟ್ಟಿ ಬೆಳೆದವಳು. ಬಯಾಲಜಿ ಡಿಗ್ರಿ ಮುಗಿದಿದೆ, ಜಿಪಿಎ ನಾಲ್ಕಕ್ಕೆ 3.6. ಮೊದಲು ಡಾಕ್ಟರ್ ಆಗ್ತೀನಿ ಅಂದಿದ್ದಳು. ಅಲ್ಲಿನ ಮೆಡಿಕಲ್ ಎಂಟ್ರೆನ್ಸ್ ಎಂಸಿಎಟಿಗೆ ಅರ್ಧ ಓದಿ ಬಿಟ್ಟಳು. ಈಗ ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ಪಿಎ ಆಗಬೇಕು ಅಂತಾಳೆ. ಡಾಕ್ಟರ ಜೊತೆ ಕೆಲಸ ಮಾಡುತ್ತಾ ರೋಗಿಗಳನ್ನು ಪರೀಕ್ಷಿಸಿ ಔಷಧಿ ಬರೆದು ಕೊಡುವವರು ಇವರು. ಮೂವರೂ ಒಟ್ಟಿಗೆ ನನ್ನ ಹತ್ತಿರ ಸಲಹೆ ಕೇಳೋಕೆ ಬಂದಿದ್ದರು. ಅಪ್ಪ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಶೀಟ್ ತೋರಿಸಿದರು: ಹದಿನೈದು ಕಾಲೇಜು, ಒಂದೊಂದಕ್ಕೂ ಫೀಸು, ಊರು, ಕೊನೇ ದಿನಾಂಕ. "ರೋಗಿಗಳ ಜೊತೆ ಕೆಲಸ ಮಾಡಿದ ಗಂಟೆ" ಅನ್ನೋ ಕಾಲಂ ಮಾತ್ರ ಖಾಲಿ.

ಅವಳ ಲೆಕ್ಕ ಇಷ್ಟು. ಅಪ್ಪನ ಸ್ನೇಹಿತರಾದ ಹೃದಯ ತಜ್ಞರ ಹಿಂದೆ ನಿಂತು ನೋಡಿದ್ದು 60 ಗಂಟೆ. ಆಸ್ಪತ್ರೆಯ ಮುಂಬಾಗಿಲ ಡೆಸ್ಕಿನಲ್ಲಿ ಕೂತು ಬಂದವರಿಗೆ ಲಿಫ್ಟ್ ಎಲ್ಲಿದೆ ಅಂತ ಹೇಳಿದ್ದು 150 ಗಂಟೆ. ರೋಗಿಯನ್ನು ಮುಟ್ಟಿದ್ದು ಸೊನ್ನೆ.

"ಕೆಲವು ಕಾಲೇಜಿನವರು ಎರಡು ಸಾವಿರ ಗಂಟೆ ಕೇಳ್ತಾರೆ, ಆಂಟಿ. ಎಲ್ಲಿಂದ ತರೋದು?"

ಈ ಗಂಟೆಯ ಹಠ ಯಾಕೆ ಅಂತ ಅಪ್ಪ ಅಮ್ಮಂದಿರಿಗೆ ಅರ್ಥ ಆಗೋದಿಲ್ಲ. ನಮ್ಮಲ್ಲಿ ಪಿಯುಸಿ ಮಾರ್ಕ್ಸು, ಎಂಟ್ರೆನ್ಸ್ ರ‍್ಯಾಂಕು, ಸೀಟು, ಮುಗೀತು. ಪಿಎ ಕಥೆಯೇ ಬೇರೆ. 1965ರಲ್ಲಿ ಡ್ಯೂಕ್ ಯೂನಿವರ್ಸಿಟಿಯಲ್ಲಿ ಡಾ. ಯೂಜೀನ್ ಸ್ಟೆಡ್ ಈ ಕೋರ್ಸ್ ಶುರು ಮಾಡಿದಾಗ ಸೇರಿಸಿಕೊಂಡಿದ್ದು ನಾಲ್ಕು ಜನರನ್ನು. ನಾಲ್ವರೂ ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡು ಪಳಗಿದವರು. ಡಾಕ್ಟರುಗಳ ಕೊರತೆ ಇತ್ತು, ಸೇನೆಯಿಂದ ಬಂದವರ ಕೈಯಲ್ಲಿ ಅನುಭವ ಇತ್ತು, ಅದಕ್ಕೊಂದು ಓದು ಸೇರಿಸಿ ಕ್ಲಿನಿಕ್ಕಿಗೆ ಕಳಿಸೋಣ ಅನ್ನೋದೇ ಯೋಚನೆ. ಅಂದರೆ ಅನುಭವ ಮೊದಲು ಬಂತು, ಕೋರ್ಸ್ ಆಮೇಲೆ. ಇವತ್ತಿಗೂ ಕೋರ್ಸ್ ಹೆಚ್ಚುಕಡಿಮೆ ಎರಡೂಕಾಲು ವರ್ಷದ್ದು, ಅದರಲ್ಲಿ ಮೊದಲ ವರ್ಷ ಕ್ಲಾಸಿನಲ್ಲೇ ಹೋಗುತ್ತೆ. ರೋಗಿ ಅಂದರೆ ಏನು, ವಾಂತಿ ಅಂದರೆ ಏನು ಅಂತ ನಿಧಾನವಾಗಿ ರೂಢಿ ಮಾಡಿಸೋಕೆ ಅವರ ಹತ್ತಿರ ಟೈಮ್ ಇಲ್ಲ. ಅದನ್ನು ನೀವೇ ಕಲಿತು ಬನ್ನಿ ಅಂತಾರೆ, ಅಷ್ಟೇ.

ಅಪ್ಪ ಮಧ್ಯದಲ್ಲಿ ಕೇಳಿದರು: "ಇಂಡಿಯಾದಲ್ಲೂ ಪಿಎ ಕೋರ್ಸ್ ಇದೆಯಂತಲ್ಲ, ಅಲ್ಲಿ ಮುಗಿಸಿಕೊಂಡು ಬಂದ್ರೆ?" ಆಗೋದಿಲ್ಲ. ಅಮೆರಿಕದಲ್ಲಿ ಲೈಸೆನ್ಸ್ ಬೇಕಾದರೆ ಪ್ಯಾನ್ಸ್ ಪರೀಕ್ಷೆ ಪಾಸಾಗಬೇಕು, ಆ ಪರೀಕ್ಷೆಗೆ ಕೂರಬೇಕಾದರೆ ಅಮೆರಿಕದ ಮಾನ್ಯತೆ ಇರುವ ಪ್ರೋಗ್ರಾಂನಲ್ಲೇ ಓದಿರಬೇಕು. ಆ ದಾರಿ ಅಲ್ಲಿಗೇ ಮುಚ್ಚಿತು.

ಆಮೇಲೆ ಅಪ್ಪ ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ. ಯಾಕೆ ಪಿಎ ಅಂತ ಅವಳನ್ನು ಕೇಳಿದೆ. ಬೇಗ ಮುಗಿಯುತ್ತೆ, ಸಂಬಳ ಚೆನ್ನಾಗಿದೆ, ಬೇಕೆಂದಾಗ ವಿಭಾಗ ಬದಲಾಯಿಸಬಹುದು ಅಂದಳು. ತಪ್ಪೇನಿಲ್ಲ, ಎಲ್ಲರೂ ಹೇಳೋದು ಇದನ್ನೇ. "ಡಿಗ್ರಿ ಮಾಡುವಾಗ ಮೂರು ಬೇಸಿಗೆ ರಜೆ ಸಿಕ್ಕಿತ್ತಲ್ಲ, ಆಗ ಯಾಕೆ ಎಲ್ಲೂ ಕೆಲಸಕ್ಕೆ ಸೇರಲಿಲ್ಲ?" ಅಂದೆ. ಟೈಮ್ ಇರಲಿಲ್ಲ ಅಂದಳು. ನಾನು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು: ಒಮ್ಮೆ ರಜೆಗೆ ಊರಿಗೆ ಹೋಗಿದ್ದಾಗ ಹಾಸಿಗೆ ಹಿಡಿದಿದ್ದ ಅಜ್ಜಿಯ ಬಟ್ಟೆ ಬದಲಿಸೋಕೆ ಅತ್ತೆ ಕರೆದರಂತೆ, ಇವಳು ಬಾಗಿಲ ತನಕ ಹೋಗಿ ವಾಸನೆಗೆ ವಾಪಸ್ ಬಂದಳಂತೆ. "ಕೆಲಸಕ್ಕೆ ಸೇರಿ, ಅಲ್ಲೂ ಹಂಗೇ ಆದ್ರೆ? ಆಗ ಪಿಎ ಕೂಡ ಇಲ್ಲ, ಡಾಕ್ಟರೂ ಇಲ್ಲ. ನನ್ನ ಹತ್ರ ಬೇರೆ ಪ್ಲಾನ್ ಏನೂ ಇಲ್ಲ."

ಗಂಟೆ ಕಮ್ಮಿ ಇದೆ ಅಂತ ಬರುವ ಮಕ್ಕಳಲ್ಲಿ ಇದನ್ನು ಜಾಸ್ತಿ ನೋಡುತ್ತೇನೆ. ಅವಕಾಶ ಇರಲಿಲ್ಲ ಅಂತೇನಲ್ಲ. ಹೋಗಿ ನೋಡಿದರೆ ಇಷ್ಟವಾಗದೇ ಹೋದೀತು ಅನ್ನೋ ಭಯ. ಹಾಗಾಗಿ ಡೆಸ್ಕಿನ ಹಿಂದೆ ಕೂರುವ ಕೆಲಸವನ್ನೇ ಹುಡುಕುತ್ತಾರೆ. ಅವಳಿಗೆ ನೇರವಾಗಿಯೇ ಹೇಳಿದೆ: ಇಷ್ಟವಿಲ್ಲ ಅಂತ ಗೊತ್ತಾಗೋದಾದರೆ ಈಗಲೇ ಗೊತ್ತಾಗಲಿ, ಲಕ್ಷಾಂತರ ಡಾಲರ್ ಸಾಲ ಮಾಡಿ ಎರಡನೇ ವರ್ಷ ಆಸ್ಪತ್ರೆಯ ವಿಭಾಗಗಳಲ್ಲಿ ಸುತ್ತಿ ಕಲಿಯುವ ಕ್ಲಿನಿಕಲ್ ರೊಟೇಷನ್ನಿನಲ್ಲಿ ಗೊತ್ತಾಗೋದು ಬೇಡ.

ಅಪ್ಪ ಅಮ್ಮ ಒಳಗೆ ಬಂದ ಮೇಲೆ ಇನ್ನೊಂದು ವಿಷಯ ಹೊರಬಿತ್ತು. ಊರಲ್ಲಿ ಅಮ್ಮನ ತಮ್ಮ ಡಾಕ್ಟರ್, ಸ್ವಂತ ನರ್ಸಿಂಗ್ ಹೋಮ್ ಇದೆ. "ಎರಡು ವಾರ ಹೋಗಿ ಬರಲಿ, ಎಂಟುನೂರು ಗಂಟೆಗೆ ಲೆಟರ್ ಬರೆದು ಕೊಡ್ತೀನಿ ಅಂತ ಮಾಮ ಹೇಳಿದ್ದಾನೆ. ಇಂಜೆಕ್ಷನ್ ಕೊಡೋದು, ಹೊಲಿಗೆ ಹಾಕೋದು ಎಲ್ಲಾ ಕಲಿಸ್ತಾನಂತೆ" ಅಂದರು ಅಮ್ಮ. ಎರಡು ವಾರಕ್ಕೆ ಇರೋದೇ 336 ಗಂಟೆ, ನಿದ್ದೆನೂ ಸೇರಿಸಿ. ಅಪ್ಪ ನಕ್ಕರು, ಅಮ್ಮ ನಗಲಿಲ್ಲ. ಅರ್ಜಿ ಹೋಗೋದು ಕ್ಯಾಸ್ಪಾ ಅನ್ನುವ ಒಂದೇ ಕೇಂದ್ರ ವ್ಯವಸ್ಥೆಯ ಮೂಲಕ. ಪ್ರತಿಯೊಂದು ಅನುಭವಕ್ಕೂ ಮೇಲ್ವಿಚಾರಕರ ಹೆಸರು, ದಿನಾಂಕ, ವಾರಕ್ಕೆ ಎಷ್ಟು ಗಂಟೆ ಅಂತ ತುಂಬಬೇಕು, ಬರೆದಿದ್ದೆಲ್ಲ ನಿಜ ಅಂತ ಒಪ್ಪಿಗೆ ಹಾಕಬೇಕು. ಸುಳ್ಳು ಅಂತ ಗೊತ್ತಾದರೆ ಸೀಟು ಸಿಕ್ಕ ಮೇಲೂ ಕಿತ್ತುಕೊಳ್ಳಬಹುದು. ಅದನ್ನು ಬಿಡಿ, ತರಬೇತಿ ಇಲ್ಲದ ಹುಡುಗಿ ಹಳ್ಳಿಯಿಂದ ಬಂದ ರೋಗಿಗೆ ಹೊಲಿಗೆ ಹಾಕಿದಳು ಅನ್ನೋದು ನಿಜವೇ ಆಗಿದ್ದರೂ ಅಡ್ಮಿಷನ್ ಕಮಿಟಿಯವರು ಅದನ್ನು ಓದಿ ಮೆಚ್ಚೋದಿಲ್ಲ, ಗಾಬರಿ ಆಗ್ತಾರೆ. ಆ ರೋಗಿ ನಿಮ್ಮ ಮಗಳ ಪ್ರಾಕ್ಟೀಸಿಗೆ ಬಂದವನಲ್ಲ ಅಲ್ವಾ?

ಹಾಗಾದರೆ ಏನು ಮಾಡಬೇಕು. ಕ್ಯಾಸ್ಪಾದಲ್ಲಿ ಅನುಭವವನ್ನು ಬೇರೆ ಬೇರೆ ಖಾನೆಗೆ ಹಾಕಬೇಕು. ರೋಗಿಯ ಆರೈಕೆಗೆ ನೀವೇ ನೇರ ಹೊಣೆ ಇರೋದು ಒಂದು, ಆಸ್ಪತ್ರೆಯ ವಾತಾವರಣದಲ್ಲಿ ಇದ್ದು ಬೇರೆ ಕೆಲಸ ಮಾಡಿದ್ದು ಇನ್ನೊಂದು, ನೋಡಿ ಕಲಿತ ಶ್ಯಾಡೋಯಿಂಗ್ ಮತ್ತೊಂದು. ಒಂದೇ ಗಂಟೆಯನ್ನು ಎರಡು ಕಡೆ ಬರೆಯೋ ಹಾಗಿಲ್ಲ. ಡಾಕ್ಟರ್ ಪಕ್ಕದಲ್ಲಿ ಕೂತು ನೋಟ್ಸ್ ಟೈಪ್ ಮಾಡುವ ಸ್ಕ್ರೈಬ್ ಕೆಲಸವನ್ನು ಕೆಲವು ಕಾಲೇಜು ಮೊದಲನೇ ಖಾನೆಗೆ ಒಪ್ಪುತ್ತವೆ, ಕೆಲವು ಒಪ್ಪೋದಿಲ್ಲ. ಇವಳಿಗೆ ಸ್ಕ್ರೈಬ್ ಕೆಲಸವೇ ಬೇಕಿತ್ತು, ಯಾಕಂದರೆ ಅಲ್ಲಿ ಯಾರನ್ನೂ ಮುಟ್ಟಬೇಕಿಲ್ಲ. ಬೇಡ ಅಂದೆ. ಬೇರೆಯವರಿಗೆ ಅದು ಒಳ್ಳೇ ಕೆಲಸ. ಇವಳಿಗೆ ಅದು ಇನ್ನೊಂದು ಡೆಸ್ಕು.

ನಾನು ಸೂಚಿಸಿದ್ದು ಸಿಎನ್‌ಎ, ಅಂದರೆ ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್ ಕೆಲಸ. ವೃದ್ಧರ ನರ್ಸಿಂಗ್ ಹೋಮಿನಲ್ಲಿ ಸ್ನಾನ ಮಾಡಿಸೋದು, ಊಟ ತಿನ್ನಿಸೋದು, ಮಗ್ಗುಲು ಬದಲಿಸೋದು, ಡೈಪರ್ ಬದಲಿಸೋದು. ಅಮೆರಿಕದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಕಡೇಪಕ್ಷ 75 ಗಂಟೆ ತರಬೇತಿ, ಕೆಲವು ರಾಜ್ಯಗಳಲ್ಲಿ ಇನ್ನೂ ಜಾಸ್ತಿ, ಆಮೇಲೆ ಪರೀಕ್ಷೆ. ಕೆಲಸಕ್ಕೆ ತೆಗೆದುಕೊಂಡು ತರಬೇತಿ ಖರ್ಚು ತಾವೇ ಹಾಕುವ ನರ್ಸಿಂಗ್ ಹೋಮುಗಳೂ ಇವೆ. ಇದಲ್ಲದೆ ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ಇಎಂಟಿ ಕೆಲಸ ಇನ್ನೊಂದು ದಾರಿ. ನ್ಯೂಜೆರ್ಸಿಯಲ್ಲಿ ಊರೂರಿಗೂ ಸ್ವಯಂಸೇವಕರ ಆಂಬುಲೆನ್ಸ್ ಸ್ಕ್ವಾಡ್ ಸಂಪ್ರದಾಯ ಇದೆ, ಎಚ್-4 ವೀಸಾದಲ್ಲಿದ್ದು ಸಂಬಳದ ಕೆಲಸ ಮಾಡೋಕಾಗದ ನಮ್ಮ ಮಕ್ಕಳಿಗೆ ನಾನು ಇದನ್ನೇ ಮೊದಲು ಹೇಳೋದು. ಇವಳಿಗೆ ಆ ತೊಂದರೆ ಇಲ್ಲ. ಅದೂ ಅಲ್ಲದೆ ಇಎಂಟಿ ರೋಗಿಯ ಜೊತೆ ಇರೋದು ಅರ್ಧ, ಮುಕ್ಕಾಲು ಗಂಟೆ. ಇವಳಿಗೆ ಬೇಕಿದ್ದು ಅದೇ ರೋಗಿ, ಅದೇ ವಾಸನೆ, ದಿನಾ.

ಅಮ್ಮ ಅತ್ತರು. "ಇಪ್ಪತ್ತೈದು ವರ್ಷ ಇಲ್ಲಿ ದುಡಿದಿದ್ದು ಮಗಳು ಆಯಾ ಕೆಲಸ ಮಾಡಲಿ ಅಂತಾನಾ? ಕನ್ನಡ ಸಂಘದಲ್ಲಿ ಕೇಳಿದ್ರೆ ಏನು ಹೇಳಲಿ?" ಈ ಮಾತಿಗೆ ಉಪದೇಶ ಮಾಡೋಕೆ ಹೋಗಲಿಲ್ಲ. ಅವರು ಬೆಳೆದ ಮನೆಯಲ್ಲಿ ಆ ಕೆಲಸ ಯಾರು ಮಾಡುತ್ತಿದ್ದರು, ಅವರಿಗೆ ಯಾವ ಲೋಟದಲ್ಲಿ ಕಾಫಿ ಕೊಡುತ್ತಿದ್ದರು ಅನ್ನೋದು ಅವರಿಗೂ ಗೊತ್ತು, ನನಗೂ ಗೊತ್ತು. ಕೇಳಿದ್ದು ಇಷ್ಟೇ: "ನಿಮ್ಮ ಅಮ್ಮನಿಗೆ ಕೊನೇ ವರ್ಷ ಬಟ್ಟೆ ಬದಲಿಸಿದ್ದು ಯಾರು, ರೀ?" "ನಮ್ಮ ಅತ್ತಿಗೆ." ಆಮೇಲೆ ತುಂಬಾ ಹೊತ್ತು ಅತ್ತಿಗೆಯ ಬಗ್ಗೆ ಮಾತಾಡಿದರು. ಆ ದಿನ ಒಪ್ಪಲಿಲ್ಲ. ಎರಡನೇ ಸಲ ಬಂದಾಗ ಒಂದು ಷರತ್ತು ಹಾಕಿದರು: ಒಂದೇ ವರ್ಷ, ಸಂಘದಲ್ಲಿ ಯಾರಿಗೂ ಹೇಳೋ ಹಾಗಿಲ್ಲ. ಮಗಳು ಮೊದಲನೆಯದಕ್ಕೆ ಒಪ್ಪಿದಳು, ಎರಡನೆಯದಕ್ಕೆ ಇಲ್ಲ. ಅದು ಅವರಿಬ್ಬರ ಜಗಳ, ಅದರಲ್ಲಿ ನಾನು ತಲೆ ಹಾಕಲಿಲ್ಲ.

ಈ ವರ್ಷ ಅರ್ಜಿ ಹಾಕೋದೇ ಬೇಡ ಅಂದೆ. ಅಪ್ಪನಿಗೆ ಸಮಾಧಾನ ಆಗಲಿಲ್ಲ. ಹಾಕಿದರೆ ಕಳೆದುಕೊಳ್ಳೋದೇನು ಅಂತ ಕೇಳಿದರು. ಮೊದಲನೇ ಕಾಲೇಜಿಗೆ 180 ಡಾಲರ್ ಮೇಲೆ, ಆಮೇಲೆ ಒಂದೊಂದಕ್ಕೂ 60ರ ಮೇಲೆ, ಇದರ ಮೇಲೆ ಕಾಲೇಜಿನವರ ಪ್ರತ್ಯೇಕ ಫೀಸು. ಹದಿನೈದಕ್ಕೆ ಲೆಕ್ಕ ಹಾಕಿ. ಕ್ಯಾಸ್ಪಾದಲ್ಲಿ ಬರೆಯೋದು ಅರ್ಜಿ ಕಳಿಸುವ ದಿನದವರೆಗೆ ಮಾಡಿದ ಗಂಟೆ ಮಾತ್ರ, ಮುಂದೆ ಮಾಡ್ತೀನಿ ಅನ್ನೋದಲ್ಲ. ಏಪ್ರಿಲ್ ಕೊನೆಗೆ ಅರ್ಜಿ ತೆರೆಯುತ್ತೆ, ಹೆಚ್ಚಿನ ಕಾಲೇಜುಗಳು ಬಂದ ಹಾಗೆ ನೋಡಿ ಸಂದರ್ಶನಕ್ಕೆ ಕರೆಯುತ್ತಾ ಹೋಗುತ್ತವೆ. ಅರ್ಧಂಬರ್ಧ ಅರ್ಜಿ ಅಕ್ಟೋಬರಿನಲ್ಲಿ ಹಾಕೋದಕ್ಕಿಂತ ಪೂರ್ತಿ ಅರ್ಜಿ ಮುಂದಿನ ಮೇ ತಿಂಗಳಲ್ಲಿ ಹಾಕೋದು ಎಷ್ಟೋ ಮೇಲು.

ನರ್ಸಿಂಗ್ ಹೋಮಿಗೆ ಸಿಎನ್‌ಎ ಆಗಿ ಸೇರಿದ ಮೊದಲ ವಾರ ಅವಳು ಫೋನ್ ಮಾಡಿದಳು. ನ್ಯೂಜೆರ್ಸಿ ಕಾನೂನಿನಲ್ಲಿ ಹಗಲು ಪಾಳಿಗೆ ಎಂಟು ಜನಕ್ಕೆ ಒಬ್ಬ ಸಿಎನ್‌ಎ. ಅವಳ ಎಂಟರಲ್ಲಿ ಒಬ್ಬ ಅಜ್ಜಿಗೆ ನೀರು ನುಂಗೋಕಾಗಲ್ಲ, ಶ್ವಾಸಕೋಶಕ್ಕೆ ಹೋಗಿಬಿಡುತ್ತೆ. ಹಾಗಾಗಿ ನೀರಿಗೆ ಪುಡಿ ಬೆರೆಸಿ, ಗಂಜಿಯಷ್ಟು ಗಟ್ಟಿ ಮಾಡಿ, ಅಜ್ಜಿಯನ್ನು ನೆಟ್ಟಗೆ ಕೂರಿಸಿ, ಚಮಚ ಚಮಚ ಕೊಡಬೇಕು. ನುಂಗಿದರಾ ಅಂತ ಗಂಟಲು ನೋಡುತ್ತಾ ಕಾಯಬೇಕು. ಬೆಳಗಿನ ತಿಂಡಿಗೇ ಮುಕ್ಕಾಲು ಗಂಟೆ. ಅಷ್ಟರಲ್ಲಿ ಪಕ್ಕದ ರೂಮಿನ ಬೆಲ್ಲು. "ವಾಸನೆ?" ಅಂತ ಕೇಳಿದೆ. "ಇದೆ. ಮಾಸ್ಕ್ ಒಳಗೆ ಸ್ವಲ್ಪ ವಿಕ್ಸ್ ಹಚ್ಚಿಕೊಳ್ತೀನಿ, ಜೊತೆಯವರು ಹೇಳಿಕೊಟ್ರು. ಆಂಟಿ, ನಿನ್ನೆ ಮಗ್ಗುಲು ಬದಲಿಸುವಾಗ ಅವರ ಬೆನ್ನ ಕೆಳಗೆ ಕೆಂಪಗಾಗಿದ್ದು ನಾನೇ ಮೊದಲು ನೋಡಿದ್ದು. ನರ್ಸ್ ಬಂದು ಒತ್ತಿ ನೋಡಿದ್ರು, ಬಣ್ಣ ಹೋಗ್ಲಿಲ್ಲ, ಬೆಡ್‌ಸೋರ್ ಶುರುವಾಗಿದೆ ಅಂದ್ರು." ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು. ಡೆಸ್ಕಿನ 150 ಗಂಟೆಯ ಬಗ್ಗೆ ಒಂದು ಸಾಲೂ ಹೇಳೋಕೆ ಇರಲಿಲ್ಲ ಅವಳಿಗೆ.

ಅವತ್ತಿನಿಂದ ಒಂದು ಪುಸ್ತಕ ಇಡು ಅಂದೆ. ತಾರೀಖು, ಗಂಟೆ, ಏನು ಮಾಡಿದೆ, ಏನು ಗಮನಿಸಿದೆ. ರೋಗಿಯ ಹೆಸರು, ರೂಮ್ ನಂಬರ್ ಬೇಡವೇ ಬೇಡ, ಖಾಸಗಿತನದ ಕಾನೂನು ಅಲ್ಲಿ ಬಿಗಿ. ಅರ್ಜಿಯ ಪ್ರಬಂಧಕ್ಕೆ ಕ್ಯಾಸ್ಪಾ ಕೊಡೋದು 5000 ಅಕ್ಷರದ ಜಾಗ, ಖಾಲಿ ಜಾಗವೂ ಸೇರಿ. "ಚಿಕ್ಕಂದಿನಿಂದ ಜನಸೇವೆಯ ಆಸೆ" ಅಂತ ಶುರು ಮಾಡಿ ಅದನ್ನು ಹಾಳು ಮಾಡಬೇಡ, ಗಂಟಲು ನೋಡುತ್ತಾ ಕಾದಿದ್ದನ್ನು ಬರಿ ಅಂದೆ. ಒಂದು ಶಿಫಾರಸು ಪತ್ರ ಆ ನರ್ಸಿಂಗ್ ಹೋಮಿನ ಮೇಲ್ವಿಚಾರಕ ನರ್ಸಿನಿಂದ ಇರಲಿ, ಸಾಧ್ಯವಾದರೆ ಇನ್ನೊಂದು ಪಿಎ ಒಬ್ಬರಿಂದ. ಇಲ್ಲಿಯವರೆಗೆ ಅವಳು ಶ್ಯಾಡೋ ಮಾಡಿದ್ದೆಲ್ಲ ಡಾಕ್ಟರನ್ನು. ಪಿಎ ಆಗಬೇಕು ಅಂತ ಹೇಳಿಕೊಂಡು ಒಬ್ಬ ಪಿಎ ಕೆಲಸವನ್ನೂ ನೋಡಿಲ್ಲ ಅಂದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳ್ತಾಳೆ.

ಈಗಿನ ಸ್ಥಿತಿ: ವಾರಕ್ಕೆ ಹನ್ನೆರಡು ಗಂಟೆಯ ಮೂರು ಪಾಳಿ. ಈ ಲೆಕ್ಕದಲ್ಲಿ 28 ವಾರಕ್ಕೆ ಸಾವಿರ ಗಂಟೆ ದಾಟುತ್ತೆ, ಅರ್ಜಿ ತೆರೆಯುವ ಹೊತ್ತಿಗೆ 1100ರ ಹತ್ತಿರ ಇರ್ತಾಳೆ. ಅಪ್ಪನ ಹದಿನೈದು ಕಾಲೇಜು ಒಂಬತ್ತಕ್ಕೆ ಇಳಿದಿದೆ. ಒಂದೊಂದು ಕಾಲೇಜಿನ ಕನಿಷ್ಠ ಗಂಟೆ, ಸಿಎನ್‌ಎ ಕೆಲಸ ಒಪ್ಪುತ್ತಾರಾ ಇಲ್ವಾ ಅನ್ನೋದನ್ನು ಅಪ್ಪನೇ ಕೂತು ನೋಡಿ ಆ ಖಾಲಿ ಕಾಲಂ ತುಂಬಿಸಿದ್ದಾರೆ. ಒಂಬತ್ತರಲ್ಲಿ ಎರಡು ಕಾಲೇಜಿಗೆ ಎರಡು ಸಾವಿರವೇ ಕನಿಷ್ಠ. ಎರಡನ್ನೂ ತೆಗೆದುಹಾಕು, ಗಂಟೆ ಇಲ್ಲದಿದ್ದರೆ ಅರ್ಜಿ ತೆರೆದೂ ನೋಡೋದಿಲ್ಲ ಅಂದೆ. ಒಂದನ್ನು ತೆಗೆದಳು. ಇನ್ನೊಂದಕ್ಕೆ ಇನ್ನೂ ಒಂದು ವರ್ಷ ಕೆಲಸ ಮಾಡಿ ಹಾಕ್ತೀನಿ, ಪಟ್ಟಿಯಲ್ಲಿ ಇರಲಿ ಅಂದಳು. ಒಂದೇ ವರ್ಷ ಅನ್ನೋ ಷರತ್ತು ಏನಾಯ್ತು ಅಂತ ಅಮ್ಮನನ್ನು ಕೇಳಬೇಕು.