ಬೆಳಿಗ್ಗೆ 97.2, ಸಂಜೆ 99.1: ಇದು ಒಳಜ್ವರವೇ?

ಬೆಳಿಗ್ಗೆ ಎದ್ದ ಕೂಡಲೇ ಕಂಕುಳಲ್ಲಿ 97.2, ಸಂಜೆ ಐದರ ಹೊತ್ತಿಗೆ ನಾಲಿಗೆಯಡಿಯಲ್ಲಿ 99.1 ಡಿಗ್ರಿ ಫ್ಯಾರನ್‌ಹೀಟ್ ಬರುತ್ತಿದೆ, ಬೇರೆ ಯಾವ ತೊಂದರೆಯೂ ಇಲ್ಲ, ಹಾಗಾದರೆ ಇದು ಒಳಜ್ವರವೇ ಅಥವಾ ಥರ್ಮಾಮೀಟರ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ವಯಸ್ಸಾದ ತಾಯಿಯನ್ನು ಮನೆಯಲ್ಲಿ ನೋಡಿಕೊಳ್ಳುತ್ತ ಈ ಲೆಕ್ಕವನ್ನು ಕಲಿತವನು. ನೀವು ಕೊಟ್ಟ ವಿವರಗಳಷ್ಟನ್ನೇ ನೋಡಿದರೆ, ಎರಡೂ ಇರಲಾರದು ಎಂದು ನನಗೆ ಅನಿಸುತ್ತದೆ.

ನೀವು ಹೋಲಿಸುತ್ತಿರುವ ಎರಡು ಅಂಕಿಗಳ ನಡುವೆ ಹೊತ್ತೂ ಬೇರೆ, ಅಳೆದ ಜಾಗವೂ ಬೇರೆ. ಆರೋಗ್ಯವಂತರ ಮೈಬಿಸಿ ನಸುಕಿನಲ್ಲಿ ಅತ್ಯಂತ ಕಡಿಮೆಯಿದ್ದು, ಸಂಜೆ ನಾಲ್ಕರಿಂದ ಆರರ ಹೊತ್ತಿಗೆ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಮೇಲೇರುತ್ತದೆ. ಕಂಕುಳು ಹೊರಗಿನ ಚರ್ಮವಾದ್ದರಿಂದ ಅಲ್ಲಿಯ ಅಂಕಿ ನಾಲಿಗೆಯಡಿಯದಕ್ಕಿಂತ ಸಾಮಾನ್ಯವಾಗಿ ಅರ್ಧದಿಂದ ಒಂದು ಡಿಗ್ರಿ ಕೆಳಗೇ ಇರುತ್ತದೆ. ಇವೆರಡನ್ನೂ ಕೂಡಿಸಿದರೆ ನಿಮ್ಮ 1.9 ಡಿಗ್ರಿಯ ವ್ಯತ್ಯಾಸ ಬಹುಪಾಲು ಅಲ್ಲೇ ಲೆಕ್ಕಕ್ಕೆ ಸಿಕ್ಕಿಬಿಡುತ್ತದೆ.

98.6 ದಾಟಿತೆಂಬ ಗಾಬರಿಗೆ ಮೂಲ ಹಳೆಯದು. ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಶ್ ಸಾವಿರಾರು ರೋಗಿಗಳ ಕಂಕುಳಲ್ಲಿ ಅಳೆದು 1868ರಲ್ಲಿ ಪ್ರಕಟಿಸಿದ ಸರಾಸರಿ 37 ಡಿಗ್ರಿ ಸೆಲ್ಸಿಯಸ್. ಆ ದುಂಡು ಅಂಕಿಯನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿದಾಗ 98.6 ಆಯಿತು, ದಶಮಾಂಶವೊಂದು ಸೇರಿಕೊಂಡದ್ದರಿಂದ ಅದು ಬಹಳ ಕರಾರುವಾಕ್ಕಾದ ಗಡಿಯಂತೆ ಕಾಣತೊಡಗಿತು. 1992ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 148 ಆರೋಗ್ಯವಂತ ವಯಸ್ಕರ ಬಾಯಿಯಲ್ಲಿ ಅಳೆದಾಗ ಸರಾಸರಿ 98.2 ಬಂದಿತು, ಮುಂಜಾನೆ 98.9ರವರೆಗೂ ದಿನದ ಉಳಿದ ಹೊತ್ತಿನಲ್ಲಿ 99.9ರವರೆಗೂ ಸಹಜವೆಂದೇ ಅದು ತೀರ್ಮಾನಿಸಿತು. ನಿಮ್ಮ ಸಂಜೆಯ 99.1 ಈ ಮಿತಿಯೊಳಗೇ ಇದೆ.

ಅಳೆಯುವ ರೀತಿಯಲ್ಲಿ ಆಗುವ ತಪ್ಪುಗಳು ಯಂತ್ರದ ದೋಷಕ್ಕಿಂತ ಹೆಚ್ಚು. ಬಿಸಿಯದನ್ನೋ ತಣ್ಣನೆಯದನ್ನೋ ಕುಡಿದ ಮೇಲೆ ಅರ್ಧ ಗಂಟೆ ಬಿಡಬೇಕು; ತುದಿಯನ್ನು ನಾಲಿಗೆಯ ಬುಡದ ಒಂದು ಪಕ್ಕಕ್ಕೆ ಒತ್ತಿ, ತುಟಿ ಮುಚ್ಚಿ, ಮೂಗಿನಲ್ಲಿ ಉಸಿರಾಡುತ್ತ ಬೀಪ್ ಬರುವವರೆಗೆ ಕಾಯಬೇಕು. ಕಂಕುಳಲ್ಲಾದರೆ ಬೆವರು ಒರೆಸಿ, ತೋಳನ್ನು ಮೈಗೆ ಅವುಚಿಕೊಳ್ಳಬೇಕು. ಹಣೆಗೆ ಹಿಡಿಯುವ ಯಂತ್ರವನ್ನು ನಾನು ನಂಬುವುದು ಕಡಿಮೆ, ಅದಕ್ಕೆ ಕಾರಣವೂ ಇದೆ. ಒಂದು ರಾತ್ರಿ ತಾಯಿಗೆ ಹಲ್ಲು ಕಟಕಟಿಸುವಷ್ಟು ಚಳಿ ಹತ್ತಿತ್ತು, ಅಂಗೈ ಅಂಗಾಲು ತಣ್ಣಗಾಗಿದ್ದವು. ಹಣೆಯ ಯಂತ್ರ 97.8 ತೋರಿಸಿತು, ನಾಲಿಗೆಯಡಿಯಲ್ಲಿಟ್ಟಾಗ 101.4 ಇತ್ತು. ಜ್ವರ ಏರುವಾಗ ಮಿದುಳಿನ ಹೈಪೊಥಲಾಮಸ್ ಮೈಬಿಸಿಯ ಗುರಿಯನ್ನೇ ಮೇಲಕ್ಕೆ ಹೊಂದಿಸುತ್ತದೆ, ಶಾಖ ಹೊರಹೋಗದಂತೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಹಾಗಾಗಿ ಒಳಗೆ ಕಾವು ಏರುತ್ತಿದ್ದರೂ ಚರ್ಮ ತಣ್ಣಗಿರಬಹುದೆಂಬುದು ನನಗೆ ತಿಳಿದದ್ದು ಆಮೇಲೆ.

ವಯಸ್ಸಾದವರ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅವರ ಸಹಜ ಮಟ್ಟವೇ ತುಸು ಕೆಳಗಿರುವುದರಿಂದ, ದಿನವೂ 97ರ ಆಸುಪಾಸಿನಲ್ಲಿರುವವರಿಗೆ 99.5 ಬಂದರೆ ಅದು ಜ್ವರವಾಗಿರಬಹುದು. ಮೂರು ತಿಂಗಳೊಳಗಿನ ಮಗುವಿಗೆ 100.4 ಬಂದರೆ ಮಗು ಆಡಿಕೊಂಡಿದ್ದರೂ ಆ ಕ್ಷಣವೇ ವೈದ್ಯರಲ್ಲಿಗೆ ಹೋಗಬೇಕು. ಬಿಸಿಲಿನಲ್ಲಿದ್ದವರಿಗೆ ಮೈ 104ಕ್ಕೆ ಏರಿ ಮಾತು ತೊದಲಿದರೆ ಅದು ಜ್ವರವಲ್ಲ, ಶಾಖಾಘಾತ. ಅಲ್ಲಿ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ, ಮೈಗೆ ನೀರು ಸುರಿದು ತಂಪು ಮಾಡುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ನೀವು ಒಂದು ವಾರ ಬೆಳಿಗ್ಗೆಯೂ ಸಂಜೆಯೂ ಅದೇ ಥರ್ಮಾಮೀಟರನ್ನು ನಾಲಿಗೆಯಡಿಯಲ್ಲೇ ಇಟ್ಟು, ಅಂಕಿಯ ಪಕ್ಕದಲ್ಲಿ ಗಂಟೆಯನ್ನೂ ಬರೆದಿಡಿ. ಸ್ತ್ರೀಯರಾಗಿದ್ದರೆ ಮುಟ್ಟಿನ ದಿನಾಂಕವನ್ನೂ ಸೇರಿಸಿ, ಏಕೆಂದರೆ ಅಂಡ ಬಿಡುಗಡೆಯಾದ ಮೇಲೆ ಮೈಬಿಸಿ ಸುಮಾರು ಅರ್ಧ ಡಿಗ್ರಿ ಏರಿ, ಮುಂದಿನ ಮುಟ್ಟಿನವರೆಗೆ ಹಾಗೆಯೇ ನಿಲ್ಲುತ್ತದೆ. ಬೆಳಗಿನ ಅಂಕಿಯೇ ದಿನವೂ 99 ದಾಟುತ್ತಿದ್ದರೆ, ಅಥವಾ ತೂಕ ಇಳಿಯುವುದು, ರಾತ್ರಿ ಬೆವರುವುದು, ಬಿಡದ ಕೆಮ್ಮು ಇವುಗಳಲ್ಲಿ ಯಾವುದಾದರೂ ಜೊತೆಗೂಡಿದರೆ, ಆ ಹಾಳೆಯನ್ನೇ ವೈದ್ಯರ ಮುಂದಿಡಿ.